ಯಾದವಗಿರಿಯ ಬೈಕು, ಮಾಲೀಕನ ಕೈ: ಮೋಟಾರ್‌ಸೈಕಲ್ ಆರೈಕೆಯ ಒಂದು ಚರಿತ್ರೆ

1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಹೊರಬಂದ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್ಲುಗಳು ಈ ಸೀಮೆಯ ಎರಡು ತಲೆಮಾರಿನ ಸವಾರರಿಗೆ ವಾಹನ ಓಡಿಸುವುದನ್ನು ಮಾತ್ರವಲ್ಲದೆ, ಅದನ್ನು ಬಿಚ್ಚಿ, ಒರೆಸಿ, ಹದಗೊಳಿಸಿ ಮತ್ತೆ ಜೋಡಿಸುವುದನ್ನೂ ಕಲಿಸಿದವು. ಆ ಕಲಿಕೆಯಲ್ಲಿ ಯಂತ್ರದ ಆರೋಗ್ಯ ಮತ್ತು ಸವಾರನ ಪ್ರಾಣರಕ್ಷಣೆ ಎಂಬವು ಬೇರೆ ಬೇರೆ ವಿಷಯಗಳಾಗಿರಲಿಲ್ಲ; ಎಂಜಿನ್ನಿನ ಸದ್ದು ಬದಲಾದದ್ದನ್ನು ಗುರುತಿಸುವ ಕಿವಿಯೇ ಅಪಾಯವನ್ನೂ ಗುರುತಿಸುತ್ತಿತ್ತು. ಮುಂದೆ ಯಂತ್ರಗಳು ಸುಧಾರಿಸಿದಂತೆ ಈ ಎರಡು ವಿದ್ಯೆಗಳು ಬೇರ್ಪಟ್ಟು, ಆರೈಕೆ ಸರ್ವಿಸ್ ಸ್ಟೇಷನ್ನಿನ ಪಾಲಾಯಿತು, ಸುರಕ್ಷತೆ ಕಾನೂನಿನ ಪಾಲಾಯಿತು. ಈ ಬೇರ್ಪಡೆ ಹೇಗಾಯಿತು, ಅದರಿಂದ ಏನು ಉಳಿಯಿತು, ಏನು ಕಳೆಯಿತು ಎಂಬುದನ್ನು ತಿಳಿಯಲು ಮೈಸೂರಿನ ಬೈಕಿಗಿಂತ ಒಳ್ಳೆಯ ನಿದರ್ಶನ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ.

ಜಾವಾದ ಮೂಲ ಚೆಕೊಸ್ಲೊವಾಕಿಯದ ಪ್ರಾಗ್ ನಗರ. ಅಲ್ಲಿ ಶಸ್ತ್ರಾಸ್ತ್ರ ತಯಾರಿಕೆಯಲ್ಲಿದ್ದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ತಯಾರಿಸುವ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲ ಎರಡು ಅಕ್ಷರಗಳನ್ನು ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರಗಳೊಂದಿಗೆ ಕೂಡಿಸಿ ತನ್ನ ವಾಹನಕ್ಕೆ ಹೆಸರಿಟ್ಟನು. ಎರಡನೇ ಮಹಾಯುದ್ಧದ ಕಾಲದಲ್ಲಿ, ದೇಶ ಜರ್ಮನರ ಹಿಡಿತದಲ್ಲಿದ್ದಾಗ, ಆ ಕಾರ್ಖಾನೆಯ ಎಂಜಿನಿಯರುಗಳು ಗುಟ್ಟಾಗಿ ರೂಪಿಸಿದ 250 ಸಿ.ಸಿ. ವಾಹನವು ಯುದ್ಧ ಮುಗಿದ ಮೇಲೆ ಯುರೋಪಿನಲ್ಲಿ ಹೆಸರು ಮಾಡಿತು. 1950ರ ದಶಕದಲ್ಲಿ ಅದರ ಮುಂದಿನ ರೂಪಗಳು ಭಾರತಕ್ಕೂ ಬಂದವು. ವಿದೇಶಿ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ, ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಇಲ್ಲಿಯೇ ತಯಾರಿಕೆಗೆ ಇಳಿದು ಐಡಿಯಲ್ ಜಾವಾ ಕಂಪನಿಯನ್ನು ಮೈಸೂರಿನಲ್ಲಿ ಸ್ಥಾಪಿಸಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರಿಂದ ಕಾರ್ಖಾನೆ ಉದ್ಘಾಟನೆಗೊಂಡಿತು. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂದರೂ, ಯಂತ್ರದ ಗುಣಸ್ವಭಾವ ಬಹುಮಟ್ಟಿಗೆ ಅದೇ ಆಗಿ ಮುಂದುವರಿಯಿತು.

ಆ ಗುಣಸ್ವಭಾವವನ್ನು ನಿರ್ಧರಿಸಿದ್ದು ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರಿನೊಳಗೆ ಪಿಸ್ಟನ್ ಒಮ್ಮೆ ಮೇಲೇರುವುದನ್ನು ಅಥವಾ ಕೆಳಗಿಳಿಯುವುದನ್ನು ಒಂದು ಸ್ಟ್ರೋಕ್ ಎನ್ನುತ್ತಾರೆ. ಇಂಧನವನ್ನು ಒಳಗೆಳೆಯುವುದು, ಒತ್ತುವುದು, ಉರಿಸುವುದು ಮತ್ತು ಹೊಗೆಯನ್ನು ಹೊರಹಾಕುವುದು ಎಂಬ ನಾಲ್ಕು ಕೆಲಸಗಳನ್ನು ನಾಲ್ಕು ಸ್ಟ್ರೋಕುಗಳಲ್ಲಿ ಮುಗಿಸುವ ಎಂಜಿನ್ ಫೋರ್ ಸ್ಟ್ರೋಕ್ ಆದರೆ, ಅದೇ ನಾಲ್ಕನ್ನೂ ಎರಡೇ ಸ್ಟ್ರೋಕುಗಳಲ್ಲಿ ಮುಗಿಸುವುದು ಟೂ ಸ್ಟ್ರೋಕ್. ಈ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ, ಅವನ್ನು ತೆರೆದು ಮುಚ್ಚುವ ಭಾಗಗಳೂ ಇಲ್ಲ. ಆದ್ದರಿಂದ ಬಿಚ್ಚುವುದೂ ಕೂಡಿಸುವುದೂ ಸುಲಭ. ಆದರೆ ಇಂಧನವು ಪಿಸ್ಟನ್ನಿನ ಕೆಳಗಿನ ಕೋಣೆಯ ಮೂಲಕವೇ ಹಾದುಹೋಗಬೇಕಾದ್ದರಿಂದ ಅಲ್ಲಿ ಎಣ್ಣೆಯನ್ನು ಪ್ರತ್ಯೇಕವಾಗಿ ತುಂಬಿಡಲು ಬರುವುದಿಲ್ಲ, ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಿ ಟ್ಯಾಂಕಿಗೆ ಹಾಕಬೇಕು. ಪ್ರತಿ ಲೀಟರಿಗೆ ಸುಮಾರು 40 ಮಿಲಿಲೀಟರ್ ಎಂಬ ಲೆಕ್ಕದಲ್ಲಿ ಬಂಕಿನ ಹುಡುಗ ಕೈಪಂಪಿನಿಂದ ಎಣ್ಣೆ ಅಳೆದು ಹಾಕುವುದು, ಮಾಲೀಕನು ವಾಹನವನ್ನು ಅತ್ತಿತ್ತ ಅಲುಗಿಸಿ ಅದನ್ನು ಬೆರೆಸುವುದು ಆ ಕಾಲದ ಪ್ರತಿ ಪೆಟ್ರೋಲ್ ಬಂಕಿನ ನಿತ್ಯದ ದೃಶ್ಯವಾಗಿತ್ತು. ಎಣ್ಣೆ ಹೆಚ್ಚಾದರೆ ಸ್ಪಾರ್ಕ್ ಪ್ಲಗ್ಗಿಗೆ ಮಸಿ ಕಟ್ಟಿ ಬೈಕು ನಡುದಾರಿಯಲ್ಲಿ ನಿಲ್ಲುತ್ತಿತ್ತು; ಕಡಿಮೆಯಾದರೆ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತಿತ್ತು. ಇದನ್ನು ಮೆಕ್ಯಾನಿಕ್ಕುಗಳು ಎಂಜಿನ್ ಸೀಜ್ ಆಯಿತು ಎನ್ನುತ್ತಾರೆ.

ಸೀಜ್ ಆಗುವುದು ಬರಿಯ ಖರ್ಚಿನ ಬಾಬಲ್ಲ. ಓಡುತ್ತಿರುವ ಎಂಜಿನ್ ಒಮ್ಮೆಲೇ ಕಚ್ಚಿಕೊಂಡರೆ ಗೇರಿನ ಮೂಲಕ ಅದಕ್ಕೆ ಕಟ್ಟಿಬಿದ್ದ ಹಿಂದಿನ ಚಕ್ರವೂ ಉರುಳುವುದನ್ನು ಬಿಟ್ಟು ರಸ್ತೆಯ ಮೇಲೆ ಜಾರತೊಡಗುತ್ತದೆ, ಸವಾರನಿಗೆ ಯೋಚಿಸಲು ಒಂದು ಕ್ಷಣವೂ ಸಿಗುವುದಿಲ್ಲ. ಇದು ಎಲ್ಲಕ್ಕಿಂತ ಹೆಚ್ಚಾಗಿ ಇಳಿಜಾರಿನ ಅಪಾಯ. ಚಾಮುಂಡಿ ಬೆಟ್ಟದಿಂದಾಗಲಿ, ಆಗುಂಬೆ ಅಥವಾ ಚಾರ್ಮಾಡಿ ಘಾಟಿಯಿಂದಾಗಲಿ ಕೆಳಗಿಳಿಯುವ ಸವಾರನು ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ, ಗೇರಿನಲ್ಲಿಯೇ ವಾಹನವನ್ನು ಬಿಟ್ಟರೆ, ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಆದರೆ ಅದರೊಳಗೆ ಪೆಟ್ರೋಲು ಹೋಗುವುದು ತೀರ ಕಡಿಮೆ. ಪೆಟ್ರೋಲಿನೊಂದಿಗೆ ಬರಬೇಕಾದ ಎಣ್ಣೆಯೂ ಅಷ್ಟೇ ಕಡಿಮೆ. ಹೀಗೆ ಅತಿ ಹೆಚ್ಚು ಜಾರೆಣ್ಣೆ ಬೇಕಾದ ಹೊತ್ತಿನಲ್ಲೇ ಎಂಜಿನ್ ಒಣಗುತ್ತದೆ. ಆದುದರಿಂದಲೇ ಮಲೆನಾಡಿನ ಹಳೆಯ ಸವಾರರಲ್ಲಿ ಘಾಟಿ ಇಳಿಯುವಾಗ ಆಗಾಗ ಸ್ವಲ್ಪ ರೇಸ್ ಕೊಡುತ್ತಲೇ ಇರಬೇಕು, ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೆ ಸದಾ ಇರಬೇಕು ಎಂಬ ಕಟ್ಟಳೆ ಬೆಳೆಯಿತು. ರೇಸ್ ಕೊಟ್ಟಾಗ ಎಣ್ಣೆ ಸೇರುತ್ತದೆ. ಎಂಜಿನ್ ಕಚ್ಚಿದ ಕ್ಷಣದಲ್ಲಿ ಕ್ಲಚ್ ಹಿಡಿದರೆ ಎಂಜಿನ್ನಿಗೂ ಚಕ್ರಕ್ಕೂ ಇರುವ ನಂಟು ತಪ್ಪಿ ಚಕ್ರ ಮತ್ತೆ ಉರುಳುತ್ತದೆ. ಪಿಸ್ಟನ್ ಉಳಿಸುವ ಉಪಾಯ ಮತ್ತು ಪ್ರಾಣ ಉಳಿಸುವ ಉಪಾಯ ಇಲ್ಲಿ ಒಂದೇ ಕೈಯ ಎರಡು ಚಲನೆಗಳಾಗಿದ್ದವು ಎಂಬುದನ್ನು ಗಮನಿಸಬೇಕು. ಟೂ ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ವಾಹನವನ್ನು ಹಿಂದಕ್ಕೆ ಹಿಡಿಯುವ ಶಕ್ತಿಯಲ್ಲಿಯೂ ಫೋರ್ ಸ್ಟ್ರೋಕಿಗಿಂತ ದುರ್ಬಲವಾದ್ದರಿಂದ, ಘಾಟಿಯ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತಿತ್ತು.

ಆಗಿನ ಬ್ರೇಕುಗಳು ಡ್ರಮ್ ಬ್ರೇಕುಗಳು. ಚಕ್ರದ ನಡುವಿನ ಲೋಹದ ಡಬ್ಬಿಯೇ ಡ್ರಮ್; ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿದ್ದು, ಬ್ರೇಕ್ ಒತ್ತಿದಾಗ ಅವು ಹಿಗ್ಗಿ, ಮೇಲೆ ಅಂಟಿಸಿದ ಲೈನರ್ ಎಂಬ ಒರಟು ಪಟ್ಟಿ ಡ್ರಮ್ಮಿನ ಒಳಗೋಡೆಗೆ ಉಜ್ಜಿ ಚಕ್ರವನ್ನು ನಿಲ್ಲಿಸುತ್ತದೆ. ಲೈನರ್ ಸವೆದಷ್ಟೂ ಹಿಡಿಕೆಯನ್ನು ಹೆಚ್ಚು ದೂರ ಎಳೆಯಬೇಕಾಗುವುದರಿಂದ, ಕೇಬಲ್ಲಿನ ಅಥವಾ ಸರಳಿನ ತುದಿಯ ನಟ್ಟನ್ನು ಆಗಾಗ ಬಿಗಿಮಾಡಿ ಆ ಸಡಿಲವನ್ನು ಸರಿಪಡಿಸಬೇಕು. ತೀರ ಬಿಗಿಯಾದರೆ ಶೂ ಸದಾ ಉಜ್ಜುತ್ತಲೇ ಇದ್ದು ಡ್ರಮ್ ಕಾಯುತ್ತದೆ, ಕಾದ ಲೈನರಿಗೆ ಹಿಡಿತವಿರುವುದಿಲ್ಲ. ಮುಂಗಾರಿನಲ್ಲಿ ಹಳ್ಳ ದಾಟಿದಾಗ ಡ್ರಮ್ಮಿನೊಳಗೆ ನೀರು ನುಗ್ಗಿ ಬ್ರೇಕ್ ಕೆಲಸ ಮಾಡದೆ ಹೋಗುವುದೂ ಇತ್ತು, ಆಗ ಸ್ವಲ್ಪ ದೂರ ಬ್ರೇಕನ್ನು ಮೆಲ್ಲನೆ ಒತ್ತಿಕೊಂಡೇ ಹೋಗಿ ಆ ಬಿಸಿಯಿಂದ ಲೈನರನ್ನು ಒಣಗಿಸಿಕೊಳ್ಳುತ್ತಿದ್ದರು. ಇಷ್ಟೆಲ್ಲ ಸೂಕ್ಷ್ಮ ತಿಳಿದಿದ್ದ ಸವಾರರಲ್ಲಿಯೂ ಒಂದು ತಪ್ಪು ನಂಬಿಕೆ ಆಳವಾಗಿ ಬೇರೂರಿತ್ತು: ಮುಂದಿನ ಬ್ರೇಕ್ ಹಿಡಿದರೆ ಬೈಕು ಪಲ್ಟಿಯಾಗುತ್ತದೆ ಎಂಬುದು. ವಾಹನದ ವೇಗ ತಗ್ಗುವಾಗ ಭಾರವು ಮುಂದಿನ ಚಕ್ರಕ್ಕೆ ಸರಿಯುವುದರಿಂದ ನಿಲ್ಲಿಸುವ ಶಕ್ತಿಯ ಬಹುಪಾಲು ಇರುವುದು ಮುಂದೆಯೇ ಎಂಬುದು ಭೌತಶಾಸ್ತ್ರದ ಸರಳ ಸಂಗತಿ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಅವರು ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಮೋಟಾರ್‌ಸೈಕಲ್ ಅಪಘಾತಗಳ ಸ್ಥಳಕ್ಕೇ ಹೋಗಿ ನಡೆಸಿದ ಅಧ್ಯಯನದ ವರದಿ 1981ರಲ್ಲಿ ಪ್ರಕಟವಾದಾಗ, ಅಲ್ಲಿನ ಸವಾರರಲ್ಲಿಯೂ ಇದೇ ದೋಷ ಕಂಡುಬಂದಿತ್ತು. ಗಾಬರಿಯಲ್ಲಿ ಅವರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಚಕ್ರವನ್ನು ಜಾರಿಸಿ, ಮುಂದಿನದನ್ನು ಬೇಕಾದಷ್ಟು ಬಳಸದೆ ಬಿಟ್ಟಿದ್ದರು.

ಇನ್ನು ಕಿಡಿಯ ವ್ಯವಸ್ಥೆಗೆ ಬರಬೇಕು, ಏಕೆಂದರೆ ಭಾನುವಾರದ ಬೆಳಗಿನ ಬಹುಭಾಗ ಅದಕ್ಕೇ ಮೀಸಲಾಗಿತ್ತು. ಎಂಜಿನ್ನಿನ ಪ್ರತಿ ಸುತ್ತಿಗೆ ಒಮ್ಮೆ ತೆರೆದುಕೊಳ್ಳುವ ಸಣ್ಣ ಲೋಹದ ತುಟಿಗಳ ಜೋಡಿಗೆ ಕಾಂಟ್ಯಾಕ್ಟ್ ಪಾಯಿಂಟ್, ಆಡುಮಾತಿನಲ್ಲಿ ಬರಿಯ ಪಾಯಿಂಟ್, ಎಂದು ಹೆಸರು. ಅವು ತೆರೆದ ಕ್ಷಣದಲ್ಲಿ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ತುಟಿಗಳ ನಡುವಿನ ಅಂತರ ಅರ್ಧ ಮಿಲಿಮೀಟರಿಗೂ ಕಡಿಮೆ. ಅದು ತುಸು ಹೆಚ್ಚುಕಡಿಮೆಯಾದರೂ ಕಿಡಿ ಹೊತ್ತಲ್ಲದ ಹೊತ್ತಿಗೆ ಹಾರಿ ಎಂಜಿನ್ ಮುಗ್ಗರಿಸುತ್ತದೆ. ಫೀಲರ್ ಗೇಜ್ ಎಂಬ ತೆಳ್ಳನೆಯ ಉಕ್ಕಿನ ಎಲೆಗಳಿಂದ ಈ ಅಂತರವನ್ನು ಅಳೆಯುವುದು, ಕಪ್ಪಾದ ತುಟಿಗಳನ್ನು ನಯವಾದ ಎಮರಿ ಕಾಗದದಿಂದ ತಿಕ್ಕುವುದು, ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣವನ್ನು ಓದುವುದು ಮಾಲೀಕನ ಮೊದಲ ಪಾಠಗಳಾಗಿದ್ದವು. ತುದಿ ತಿಳಿಕಂದು ಬಣ್ಣಕ್ಕಿದ್ದರೆ ಎಂಜಿನ್ ಸುಖವಾಗಿದೆ. ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆ ಅಥವಾ ಪೆಟ್ರೋಲು ಹೆಚ್ಚಾಗಿದೆ. ಬೂದಿಯಂತೆ ಬೆಳ್ಳಗಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ, ಸೀಜ್ ಆಗುವ ಕಾಲ ಹತ್ತಿರವಾಗಿದೆ. ಆ ಪ್ಲಗ್ಗುಗಳಲ್ಲಿ ಬಹಳಷ್ಟು ತಯಾರಾಗುತ್ತಿದ್ದುದು ಬೆಂಗಳೂರಿನಲ್ಲೇ; 1951ರಲ್ಲಿ ಜರ್ಮನಿಯ ಬಾಷ್ ಸಹಯೋಗದಿಂದ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಮೈಕೋ ಎಂಬ ಹೆಸರು ಪ್ಲಗ್ಗಿಗೆ ಪರ್ಯಾಯ ಪದವೇ ಆಗಿತ್ತು.

ಇದಕ್ಕಿಂತ ದೊಡ್ಡ ಕೆಲಸ ಡೀಕಾರ್ಬನ್ ಮಾಡುವುದು. ಎಣ್ಣೆ ಉರಿದು ಉಳಿದ ಮಸಿಯು ಪಿಸ್ಟನ್ನಿನ ತಲೆಯ ಮೇಲೆ, ಹೊಗೆ ಹೊರಹೋಗುವ ದ್ವಾರದಲ್ಲಿ, ಸೈಲೆನ್ಸರಿನ ಒಳಗೊಳವೆಯಲ್ಲಿ ಗಟ್ಟಿಯಾಗಿ ಕೂತು ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಸಿಲಿಂಡರಿನ ಮುಚ್ಚಳವನ್ನು ತೆಗೆದು, ಮೆದುವಾದ ಅಲ್ಯೂಮಿನಿಯಮ್ಮಿಗೆ ಗೀರುಬೀಳದಂತೆ ಮರದ ಚೂರಿನಿಂದ ಮಸಿಯನ್ನು ಕೆರೆದು, ಸೈಲೆನ್ಸರಿನ ಒಳಗೊಳವೆಯನ್ನು ಬೆಂಕಿಯಲ್ಲಿ ಸುಟ್ಟು ಅಥವಾ ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಸಿ ಶುಚಿಮಾಡುತ್ತಿದ್ದರು. ಜಾವಾಕ್ಕೆ ಎರಡು ಸೈಲೆನ್ಸರುಗಳಿದ್ದುದರಿಂದ ಕೆಲಸವೂ ಎರಡರಷ್ಟು. ಮೆಕ್ಯಾನಿಕ್ಕಿನ ಮುಂದೆ ಕೂತು ಇದನ್ನು ಒಂದೆರಡು ಸಲ ನೋಡಿದ ಮಾಲೀಕನು ಮೂರನೆಯ ಸಲ ತಾನೇ ಮಾಡುವಷ್ಟು ಈ ಯಂತ್ರ ಸರಳವಾಗಿತ್ತು.

ಆದರೆ ಜಾವಾದ ವಿನ್ಯಾಸಕಾರರು ಎಲ್ಲವನ್ನೂ ಮಾಲೀಕನ ಶ್ರದ್ಧೆಗೇ ಬಿಟ್ಟಿರಲಿಲ್ಲ. ಕಿಕ್ ಹೊಡೆಯುವ ಸನ್ನೆಯನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಗೇರಿನ ಸನ್ನೆಯಾಗುತ್ತಿತ್ತು. ಗೇರು ಬದಲಿಸಲು ಕಾಲು ಒತ್ತಿದೊಡನೆ ಕ್ಲಚ್ ತಾನಾಗಿ ಬಿಡಿಸಿಕೊಳ್ಳುವ ಏರ್ಪಾಟೂ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಚಕ್ರಕ್ಕೆ ಶಕ್ತಿ ಸಾಗಿಸುವ ಚೈನು ಪೂರ್ತಿಯಾಗಿ ತಗಡಿನ ಕವಚದೊಳಗಿತ್ತು. ಧೂಳು ಮತ್ತು ಕೆಸರು ತಾಗದ ಚೈನು ನಿಧಾನವಾಗಿ ಸವೆಯುತ್ತದೆ, ಸೀರೆಯ ಸೆರಗನ್ನೂ ಪಂಚೆಯ ಅಂಚನ್ನೂ ಎಳೆದುಕೊಳ್ಳುವುದಿಲ್ಲ. ಒಂದು ಬದಿಗೆ ಕಾಲಿಳಿಬಿಟ್ಟು ಹಿಂದೆ ಕೂರುವ ಹೆಂಗಸರ ಸೀರೆ ಚಕ್ರಕ್ಕೆ ಸಿಕ್ಕುವ ಅಪಾಯವು ಈ ದೇಶದ ರಸ್ತೆಗಳ ವಿಶಿಷ್ಟ ಅಪಾಯ; 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂಬದಿ ಸವಾರರಿಗೆ ಹಿಡಿಕೆ, ಕಾಲುಮೆಟ್ಟು ಮತ್ತು ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ಕಾವಲು ಇರಲೇಬೇಕೆಂದು ವಿಧಿಸಿದವು. ಜನ ಅದನ್ನು ಸೀರೆ ಗಾರ್ಡ್ ಎನ್ನುತ್ತಾರೆ. ಮುಂದಿನ ಕಾಲದ ಬೈಕುಗಳು ಅಂದಕ್ಕಾಗಿ ಚೈನಿನ ಕವಚವನ್ನು ಕಳಚಿ ಹಾಕಿದ್ದು ಹಿಂದೆ ಇಟ್ಟ ಹೆಜ್ಜೆ ಎಂದೇ ಹೇಳಬೇಕಾಗುತ್ತದೆ.

ಮೈಸೂರು ಸೀಮೆಯಲ್ಲಿ ಈ ಆರೈಕೆಗೆ ಒಂದು ಪಂಚಾಂಗವೂ ಇತ್ತು. ನವರಾತ್ರಿಯ ಒಂಬತ್ತನೆಯ ದಿನದ ಆಯುಧಪೂಜೆಗೆ ಮುಂಚೆ ಗ್ಯಾರೇಜುಗಳು ತುಂಬಿ ತುಳುಕುತ್ತಿದ್ದವು. ವರ್ಷವಿಡೀ ಮುಂದೂಡಿದ ಲೈನರು, ಕೇಬಲ್ಲು, ಚಕ್ರದ ಗ್ರೀಸು, ಡೀಕಾರ್ಬನ್ ಎಲ್ಲವೂ ಆ ವಾರದಲ್ಲಿ ಮುಗಿಯಬೇಕು, ಪೂಜೆಗೆ ನಿಲ್ಲುವ ವಾಹನ ಒಳಹೊರಗೆ ಶುಚಿಯಾಗಿರಬೇಕು ಎಂಬುದು ಮಾಲೀಕರ ಆಸೆ. ಸ್ಪ್ಯಾನರ್, ಸುತ್ತಿಗೆ, ಗಾಳಿಯ ಪಂಪುಗಳೂ ಅಂದು ಕುಂಕುಮ ಹಚ್ಚಿಸಿಕೊಂಡು ವಿಶ್ರಮಿಸುತ್ತಿದ್ದವು. ಅರಮನೆಯ ಶಸ್ತ್ರಪೂಜೆಯ ವಿಧಿಯು ಬೀದಿಯ ಮೆಕ್ಯಾನಿಕ್ಕಿನ ವಾರ್ಷಿಕ ತಪಾಸಣೆಯಾಗಿ ಪರಿಣಮಿಸಿದ್ದು ಈ ಊರಿನ ಚರಿತ್ರೆಯ ಸೊಗಸಾದ ಸಂಗತಿಗಳಲ್ಲೊಂದು. ಅದೇ ಹಬ್ಬದಲ್ಲಿ ರಸ್ತೆಯ ನಡುವೆ ಒಡೆದ ಬೂದುಗುಂಬಳಕಾಯಿಯ ತಿರುಳಿನ ಮೇಲೆ ಬೈಕುಗಳು ಜಾರಿ ಬೀಳುವುದೂ ಉಂಟು. ಕಾಯಿಯ ಚೂರನ್ನು ಬದಿಗೆ ಸರಿಸುವುದನ್ನೂ ಪೂಜೆಯ ಭಾಗವೆಂದೇ ಎಣಿಸುವ ಮನೆಗಳು ಹೆಚ್ಚಬೇಕಾಗಿದೆ.

ಟೈರಿನ ವಿಚಾರದಲ್ಲಿ ಮಾತ್ರ ಹಳೆಯ ಕಾಲವನ್ನು ಹೊಗಳಲು ಬರುವುದಿಲ್ಲ. ಎಂಜಿನ್ನಿನ ಪಿಸುಮಾತನ್ನೂ ಕೇಳಿಸಿಕೊಳ್ಳುತ್ತಿದ್ದ ಮಾಲೀಕರು ಟೈರನ್ನು ನೂಲು ಕಾಣುವವರೆಗೆ ಓಡಿಸುತ್ತಿದ್ದರು, ಗಾಳಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ತೃಪ್ತರಾಗುತ್ತಿದ್ದರು. ಟೈರಿನ ಬೆಲೆ ದುಬಾರಿಯಾಗಿದ್ದುದು ಇದಕ್ಕೆ ಕಾರಣವಾದರೂ, ಪರಿಣಾಮ ಬದಲಾಗುವುದಿಲ್ಲ. ಹರ್ಟ್ ವರದಿಯ ಪ್ರಕಾರ ವಾಹನದ ದೋಷದಿಂದ ಆದ ಅಪಘಾತಗಳು ಶೇಕಡಾ 3ಕ್ಕಿಂತ ಕಡಿಮೆ. ಆದರೆ ಅವುಗಳಲ್ಲಿ ಬಹುಪಾಲಿಗೆ ಕಾರಣ ಪಂಕ್ಚರ್ ಆದ ಟೈರಿನಿಂದ ಹತೋಟಿ ತಪ್ಪಿದ್ದು. ಭಾರತದ ನಿಯಮದಲ್ಲಿ ದ್ವಿಚಕ್ರ ವಾಹನದ ಟೈರಿನ ಗೀರುಗಳ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಆ ಗೀರುಗಳು ಇರುವುದು ಮಳೆಯ ನೀರನ್ನು ರಬ್ಬರಿನ ಅಡಿಯಿಂದ ಹೊರದೂಡಲು. ಅವು ಸವೆದುಹೋದರೆ ಟೈರು ರಸ್ತೆಯನ್ನು ಮುಟ್ಟುವುದನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ.

1980ರ ದಶಕದ ನಡುವೆ ಜಪಾನಿ ಸಹಯೋಗದ ಹಗುರ ಬೈಕುಗಳು ಮಾರುಕಟ್ಟೆಗೆ ಬಂದಾಗ ಈ ಇಡೀ ಲೋಕ ಕದಲಿತು. 1985ರ ಯಮಾಹಾ ಆರ್‌ಎಕ್ಸ್ 100 ಟೂ ಸ್ಟ್ರೋಕೇ ಆದರೂ, ಎಣ್ಣೆಗೆ ಬೇರೆ ಟ್ಯಾಂಕು ಮತ್ತು ಅದನ್ನು ಬೇಕಾದಷ್ಟೇ ಬೆರೆಸುವ ಪಂಪು ಹೊಂದಿತ್ತು. ಅದೇ ವರ್ಷದ ಹೀರೋ ಹೋಂಡಾ ಸಿಡಿ 100 ಫೋರ್ ಸ್ಟ್ರೋಕ್ ಎಂಜಿನ್ನಿನದು. ಪೆಟ್ರೋಲು ತುಂಬಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬುದೇ ಅದರ ಜಾಹೀರಾತಿನ ಸಾರ. ಮರೆಯಬೇಕೆಂದದ್ದು ಪೆಟ್ರೋಲಿನ ಖರ್ಚನ್ನು. ಮಾಲೀಕರು ಎಂಜಿನ್ ಆಯಿಲನ್ನೂ ಮರೆತರು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿನ ಕೋಣೆಯಲ್ಲಿಯೇ ನಿಂತು ಸುತ್ತುತ್ತಿರುವುದರಿಂದ ಪ್ರತಿ ಬಾರಿ ಬೆರೆಸುವ ರಗಳೆಯಿಲ್ಲ. ಆದರೆ ಅದು ಕಾಲಕ್ರಮದಲ್ಲಿ ಕಪ್ಪಾಗಿ ತೆಳುವಾಗುತ್ತದೆ, ಮಟ್ಟವೂ ಇಳಿಯುತ್ತದೆ, ಮತ್ತು ಅಳತೆಕಡ್ಡಿಯನ್ನು ತೆಗೆದು ನೋಡದವನಿಗೆ ಇದಾವುದೂ ತಿಳಿಯುವುದಿಲ್ಲ. ಟೂ ಸ್ಟ್ರೋಕ್ ಬೈಕು ತನ್ನ ಕೊರತೆಯನ್ನು ಹೊಗೆಯಿಂದ, ಮುಗ್ಗರಿಕೆಯಿಂದ, ಸದ್ದಿನಿಂದ ಸಾರಿ ಹೇಳುತ್ತಿತ್ತು. ಹೊಸ ಯಂತ್ರ ಬಹುಕಾಲ ಮೌನವಾಗಿ ಸಹಿಸಿತು. ಇಂಧನ ಉಳಿಸುವ ಪೈಪೋಟಿಯಲ್ಲಿಯೂ, ಬಿಗಿಯಾಗುತ್ತ ಬಂದ ಹೊಗೆಯ ನಿಯಮಗಳ ಮುಂದೆಯೂ ಯೆಜ್ಡಿ ನಿಲ್ಲಲಾರದೆ, 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು.

ತಲೆಯ ರಕ್ಷಣೆಯ ಕಥೆ ಬೇರೆಯೇ ದಾರಿಯಲ್ಲಿ ಬಂತು. 1935ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಹಾಗೂ ಲೇಖಕ ಟಿ. ಇ. ಲಾರೆನ್ಸ್ ಮೋಟಾರ್‌ಸೈಕಲ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಸತ್ತಾಗ ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ನರಶಸ್ತ್ರತಜ್ಞ ಹ್ಯೂ ಕೇರ್ನ್ಸ್, ಮುಂದೆ ಬ್ರಿಟಿಷ್ ಸೈನ್ಯದ ಸಂದೇಶವಾಹಕ ಸವಾರರ ತಲೆಗಾಯಗಳನ್ನು ಅಧ್ಯಯನ ಮಾಡಿ 1941ರಲ್ಲಿ ಹೆಲ್ಮೆಟ್ಟಿನ ಮಹತ್ವವನ್ನು ಪ್ರಕಟಿಸಿದರು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿದರೂ, ಅದು ಊರಿಂದೂರಿಗೆ ಏಳುಬೀಳಾಗಿ ಜಾರಿಯಾಯಿತು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಕಡ್ಡಾಯವೆಂಬ ಆದೇಶ ಬಂದದ್ದು 2016ರ ಜನವರಿಯಲ್ಲಿ. ಜಾವಾದ ಕಾಲದ ಜಾಣ ಸವಾರರಲ್ಲಿ ಹೆಚ್ಚಿನವರು ಬರಿತಲೆಯಲ್ಲೇ ಓಡಾಡಿದರು ಎಂಬ ಕಟುಸತ್ಯವನ್ನು ಮರೆಮಾಚಬಾರದು. ಪಾಯಿಂಟಿನ ಅಂತರವನ್ನು ಕೂದಲೆಳೆಯಷ್ಟು ನಿಖರವಾಗಿ ಇಡಬಲ್ಲವರು ತಮ್ಮ ತಲೆಬುರುಡೆಯನ್ನು ಅದೃಷ್ಟಕ್ಕೆ ಬಿಟ್ಟಿದ್ದರು, ಮತ್ತು ಯಂತ್ರಜ್ಞಾನ ಅವರನ್ನು ಇದಿರಿನ ಲಾರಿಯಿಂದ ಕಾಪಾಡಲಾರದಾಗಿತ್ತು.

ಇತ್ತೀಚಿನ ವರ್ಷಗಳಲ್ಲಿ ಕಾನೂನು ಯಂತ್ರದ ಒಳಗೇ ಕೈಯಿಟ್ಟಿದೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಮುಂದೀಪ ಹಗಲಲ್ಲೂ ಉರಿಯುತ್ತದೆ; 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಬೈಕುಗಳಲ್ಲಿ ಚಕ್ರ ಜಾರದಂತೆ ಬ್ರೇಕನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುವ ಎಬಿಎಸ್ ವ್ಯವಸ್ಥೆ ಕಡ್ಡಾಯ. ಪಾಯಿಂಟೂ ಇಲ್ಲ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರೂ ಹೆಚ್ಚಿನವಕ್ಕೆ ಇಲ್ಲ. ಆದರೂ ಚೈನಿನ ಸಡಿಲ, ಟೈರಿನ ಗಾಳಿ, ಬ್ರೇಕಿನ ಸವೆತ ಎಂಬ ಮೂರು ಸಂಗತಿಗಳನ್ನು ಈಗಲೂ ಹೆಚ್ಚಿನ ಬೈಕುಗಳು ತಾವಾಗಿ ತಿಳಿಸುವುದಿಲ್ಲ. ಮಾಲೀಕನೇ ಬಗ್ಗಿ ನೋಡಬೇಕು. ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದಾಗ ಎರಡು ಮೂರು ಸೆಂಟಿಮೀಟರಿನಷ್ಟು ಆಡಬೇಕೆಂಬ ಲೆಕ್ಕವನ್ನು ಎಷ್ಟೋ ಕಂಪನಿಗಳು ಹಿಂದಿನ ಚಕ್ರದ ಪಕ್ಕದ ತೋಳಿನ ಮೇಲೆಯೇ ಚೀಟಿ ಅಂಟಿಸಿ ಕಳಿಸುತ್ತವೆ, ಕೆಸರು ಅದನ್ನು ಮೊದಲ ಮಳೆಗಾಲದಲ್ಲೇ ಮುಚ್ಚುತ್ತದೆ.

2018ರಲ್ಲಿ ಜಾವಾ ಎಂಬ ಹೆಸರು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುವ ಫೋರ್ ಸ್ಟ್ರೋಕ್ ಬೈಕಿನ ಮೇಲೆ ಮರಳಿ ಬಂದಿದೆ. ಮೈಸೂರಿನ ಹಳೆಯ ಬೈಕುಗಳು ತಮ್ಮ ಮಾಲೀಕರ ಕೈಯಲ್ಲಿ ಬೇರೆಯಾಗಿಯೇ ಬದುಕಿವೆ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವ ಅವರ ಕೂಟಗಳಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ಹಿಡಿದು ಗುಜರಿಗಳವರೆಗೆ ಹುಡುಕಿ ತಂದ ಪಾಯಿಂಟು, ಲೈನರುಗಳು ಕೈಯಿಂದ ಕೈಗೆ ದಾಟುತ್ತವೆ. ಬಂಕುಗಳಲ್ಲಿ ಎಣ್ಣೆ ಅಳೆಯುವ ಕೈಪಂಪು ಅಪರೂಪವಾಗಿರುವುದರಿಂದ, ಈ ಸವಾರರು ಎಣ್ಣೆಯ ಬಾಟಲಿ ಮತ್ತು ಅಳತೆಯ ಲೋಟವನ್ನು ಚೀಲದಲ್ಲಿಟ್ಟುಕೊಂಡೇ ಹೊರಡುತ್ತಾರೆ. ಈಗ ಅವರ ತಲೆಯ ಮೇಲೆ ಹೆಲ್ಮೆಟ್ಟೂ ಇರುತ್ತದೆ. ಘಾಟಿಯ ತಿರುವಿನಲ್ಲಿ ಎಡಗೈಯ ಎರಡು ಬೆರಳು ಮಾತ್ರ ಅದೇ ಹಳೆಯ ಜಾಗದಲ್ಲಿ, ಕ್ಲಚ್ಚಿನ ಮೇಲೆ ಇರುತ್ತವೆ.